ಪ್ರತಿಗಳನ್ನು ಕೂಡಿಸುವವರು ಯಾರು?

2007ರಲ್ಲಿ ಅಮೆಜಾನ್ ಕಂಪನಿಯ ಎಂಜಿನಿಯರುಗಳು ಡೈನಮೊ ಎಂಬ ತಮ್ಮ ಡೇಟಾಬೇಸ್ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಗ್ರಾಹಕರು ಬುಟ್ಟಿಗೆ ಹಾಕಿದ ಸಾಮಾನಿನ ಪಟ್ಟಿಯನ್ನು ಯಾವ ಹೊತ್ತಿನಲ್ಲೂ ತಿದ್ದಲು ಸಾಧ್ಯವಾಗಬೇಕು. ಒಂದು ಸರ್ವರ್ ಕೆಟ್ಟರೂ, ಎರಡು ಡೇಟಾ ಸೆಂಟರುಗಳ ನಡುವೆ ಸಂಪರ್ಕ ಕಡಿದರೂ 'ಆಮೇಲೆ ಬನ್ನಿ' ಎನ್ನಬಾರದು. ಅದಕ್ಕಾಗಿ ಒಂದೇ ಬುಟ್ಟಿಗೆ ಹಲವು ಪ್ರತಿಗಳನ್ನು ಇಟ್ಟಿದ್ದರು. ಸಂಪರ್ಕ ಕಡಿದಾಗ ಒಂದೊಂದು ಪ್ರತಿ ಒಂದೊಂದು ದಾರಿ ಹಿಡಿದರೆ ಆಮೇಲೆ ಅವನ್ನು ಕೂಡಿಸಬೇಕು. ಕೂಡಿಸುವ ನಿಯಮ ಸರಳವಾಗಿತ್ತು: ಬುಟ್ಟಿಗೆ ಹಾಕಿದ್ದು ಎಂದೂ ಕಳೆದುಹೋಗಬಾರದು. ಅದರ ಇನ್ನೊಂದು ಮುಖವನ್ನೂ ಪ್ರಬಂಧ ಮುಚ್ಚಿಡಲಿಲ್ಲ. ತೆಗೆದುಹಾಕಿದ ಸಾಮಾನು ಕೆಲವೊಮ್ಮೆ ಮತ್ತೆ ಬುಟ್ಟಿಯಲ್ಲಿ ಕಾಣಿಸಿಕೊಳ್ಳಬಹುದು.

ಅಂಗಡಿಯವನ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ನಿಯಮ ಇರಲಾರದು. ಹಾಕಿದ ಸಾಮಾನು ಮಾಯವಾದರೆ ವ್ಯಾಪಾರ ಹೋಯಿತು. ತೆಗೆದ ಸಾಮಾನು ಮರಳಿ ಬಂದರೆ ಗ್ರಾಹಕ ಮತ್ತೊಮ್ಮೆ ತೆಗೆದಾನು, ಇಲ್ಲವೇ ಗಮನಿಸದೆ ಕೊಂಡಾನು. ಎರಡು ಪ್ರತಿಗಳು ಬೇರೆಯಾದಾಗ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಹೀಗೆ ಯಾರೋ ಮೊದಲೇ ತೀರ್ಮಾನಿಸಿರುತ್ತಾರೆ. ಫೋನಿನ ಟಿಪ್ಪಣಿ, ಹಂಚಿಕೊಂಡ ಲೆಕ್ಕಪಟ್ಟಿ, ನಾಲ್ಕು ಜನ ಸೇರಿ ತಿದ್ದುವ ಲೇಖನ, ಎಲ್ಲದರ ಹಿಂದೆಯೂ ಇಂಥ ಒಂದು ತೀರ್ಮಾನ ಕೂತಿದೆ. ಅದು ಎಲ್ಲಿ ಬರೆದಿದೆ, ಓದಲು ಸಿಗುತ್ತದೆಯೇ, ತಪ್ಪಿದ್ದರೆ ತಿದ್ದಬಹುದೇ ಎಂದು ಬಳಸುವವರು ಕೇಳುವುದು ಕಡಿಮೆ. ಕೇಳಬೇಕಾದವರ ಸಾಲಿನಲ್ಲಿ ಕನ್ನಡ ಬರೆಯುವವರು ಮುಂದೆಯೇ ಇರಬೇಕು.

ಈ ತೀರ್ಮಾನಕ್ಕೆ ಗಣಿತದ ತಳಹದಿ ಸಿಕ್ಕಿದ್ದು 2011ರಲ್ಲಿ. ಮಾರ್ಕ್ ಶಪಿರೊ, ನೂನೊ ಪ್ರೆಗಿಸ, ಕಾರ್ಲೋಸ್ ಬಕೇರೊ, ಮಾರೆಕ್ ಝವಿರ್ಸ್ಕಿ ಎಂಬ ನಾಲ್ವರು ಫ್ರಾನ್ಸಿನ ಇನ್‌ರಿಯಾ ಸಂಶೋಧನಾ ಸಂಸ್ಥೆಯಿಂದ ಹೊರತಂದ ವರದಿಯೊಂದು ಅದುವರೆಗೆ ಅಲ್ಲಲ್ಲಿ ಚದುರಿದ್ದ ಉಪಾಯಗಳನ್ನು ಒಂದು ಸೂರಿನಡಿ ತಂದಿತು. ಇಟ್ಟ ಹೆಸರು 'ಕಾನ್‌ಫ್ಲಿಕ್ಟ್-ಫ್ರೀ ರೆಪ್ಲಿಕೇಟೆಡ್ ಡೇಟಾ ಟೈಪ್', ಚಿಕ್ಕದಾಗಿ ಸಿಆರ್‌ಡಿಟಿ. ಹೆಸರು ಭಾರವಾದರೂ ಒಳಗಿನ ವಿಚಾರ ವಂತಿಗೆ ಎತ್ತಿದವರಿಗೆಲ್ಲ ಅರ್ಥವಾಗುವಂಥದ್ದು.

ಮುಂಬಯಿಯ ಒಂದು ಕನ್ನಡ ಸಂಘ ರಾಜ್ಯೋತ್ಸವಕ್ಕೆ ಹಣ ಕೂಡಿಸುತ್ತಿದೆ ಎಂದಿಟ್ಟುಕೊಳ್ಳಿ. ಡೊಂಬಿವಲಿಯಲ್ಲಿ ಒಬ್ಬರು, ಮಾಟುಂಗಾದಲ್ಲಿ ಇನ್ನೊಬ್ಬರು. ಇಬ್ಬರ ಫೋನಿನಲ್ಲೂ ಒಂದೇ ಪಟ್ಟಿ. ನೆಟ್‌ವರ್ಕ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಒಟ್ಟು ಮೊತ್ತ 10,000 ಎಂದಿದ್ದದ್ದನ್ನು ಒಬ್ಬರು 12,000 ಎಂದು ತಿದ್ದಿದರು, ಅದೇ ಹೊತ್ತಿಗೆ ಇನ್ನೊಬ್ಬರು 11,000 ಎಂದು ತಿದ್ದಿದರು. ಸರಿಯಾದ ಉತ್ತರ 13,000 ಎಂಬುದು ಆ ಎರಡು ಸಂಖ್ಯೆಗಳನ್ನು ಮಾತ್ರ ನೋಡುವ ಯಂತ್ರಕ್ಕೆ ಹೊಳೆಯದು. ಅದರ ಬದಲು ಒಬ್ಬೊಬ್ಬರಿಗೂ ಒಂದೊಂದು ಕಾಲಂ ಕೊಡಿ. ಡೊಂಬಿವಲಿಯವರು ತಮ್ಮ ಕೈಯಿಂದ ಬಂದದ್ದನ್ನು ತಮ್ಮ ಕಾಲಂನಲ್ಲಿ ಮಾತ್ರ ಏರಿಸುತ್ತ ಹೋಗಲಿ, ಮಾಟುಂಗಾದವರು ತಮ್ಮದರಲ್ಲಿ. ಎರಡು ಫೋನುಗಳು ಎದುರಾದಾಗ ಪ್ರತಿ ಕಾಲಂನಲ್ಲೂ ದೊಡ್ಡ ಸಂಖ್ಯೆಯನ್ನು ಉಳಿಸಿಕೊಂಡರೆ ಸಾಕು. ಮೊತ್ತ ಕಾಲಂಗಳ ಕೂಡಿಕೆ. ಯಾವ ಸಂದೇಶ ಮೊದಲು ತಲುಪಿತು, ಒಂದೇ ಸಂದೇಶ ಎರಡು ಸಲ ಬಂತೇ, ಮೂರನೆಯವರ ಫೋನಿನ ಮೂಲಕ ಸುತ್ತಿ ಬಂತೇ, ಯಾವುದೂ ಲೆಕ್ಕ ಕೆಡಿಸದು. ಯಾರಿಗಾದರೂ ಹಣ ವಾಪಸು ಕೊಡಬೇಕಾದರೆ ಕೊಟ್ಟದ್ದಕ್ಕೆ ಬೇರೆ ಕಾಲಂ. ನಡುವೆ ಕೂತು ಪಂಚಾಯ್ತಿ ಮಾಡುವ ಸರ್ವರ್ ಬೇಕಿಲ್ಲ. ಎಲ್ಲರಿಗೂ ಎಲ್ಲ ಸಂದೇಶ ತಲುಪಿದ ಮೇಲೆ ಎಲ್ಲರ ಪ್ರತಿಯೂ ಒಂದೇ ಆಗಿರುತ್ತದೆ. ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಬಹುದು, ತೋರಿಸಿಯೂ ಇದ್ದಾರೆ.

ಅದೇ ಪಟ್ಟಿಯಲ್ಲಿ ಒಬ್ಬ ದಾನಿಯ ಫೋನ್ ನಂಬರನ್ನು ಇಬ್ಬರೂ ಬೇರೆ ಬೇರೆಯಾಗಿ ತಿದ್ದಿದರೆ? ಇಲ್ಲಿ ಕೂಡಿಸಲು ಏನೂ ಇಲ್ಲ, ಒಂದನ್ನು ಆರಿಸಬೇಕು. 'ಕೊನೆಯಲ್ಲಿ ಬರೆದವರದು ಗೆಲ್ಲಲಿ' ಎಂಬುದು ತುಂಬ ಕಡೆ ಬಳಕೆಯಲ್ಲಿರುವ ನಿಯಮ. ಕೊನೆ ಯಾವುದೆಂದು ಹೇಳುವುದು ಫೋನಿನ ಗಡಿಯಾರವಾದರೆ, ಹತ್ತು ನಿಮಿಷ ಮುಂದಿರುವ ಗಡಿಯಾರದ ಒಡೆಯರು ಯಾವಾಗಲೂ ಗೆಲ್ಲುತ್ತಾರೆ! ಎಲ್ಲ ಪ್ರತಿಗಳೂ ಒಪ್ಪುತ್ತವೆ, ತಪ್ಪು ನಂಬರನ್ನು. ಕೌಚ್‌ಡಿಬಿ ಎಂಬ ಹಳೆಯ ಓಪನ್ ಸೋರ್ಸ್ ಡೇಟಾಬೇಸ್ ಇಂಥ ಕಡೆ ಒಂದನ್ನು ಮುಂದೆ ತೋರಿಸಿ ಇನ್ನೊಂದನ್ನೂ ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಬೇಕಾದವರು ತೆರೆದು ನೋಡಿ ತೀರ್ಮಾನಿಸಲಿ ಎಂದು. ಇವತ್ತಿನ ಆಟೋಮರ್ಜ್ ಲೈಬ್ರರಿಯೂ ಹಾಗೇ ಮಾಡುತ್ತದೆ. ಇನ್ನು ರೈಲಿನ ಒಂದೇ ಬರ್ತನ್ನು ಇಬ್ಬರು ಒಟ್ಟಿಗೆ ಮಾರಿಬಿಟ್ಟರೆ ಯಾವ ಸಿಆರ್‌ಡಿಟಿಯೂ ಕಾಪಾಡದು. ಅಲ್ಲಿ ಮಾರುವ ಮೊದಲೇ ಪರಸ್ಪರ ಕೇಳಿಕೊಳ್ಳಬೇಕು. 'ಕಾನ್‌ಫ್ಲಿಕ್ಟ್-ಫ್ರೀ' ಎಂಬ ವಿಶೇಷಣ ಇಷ್ಟರಮಟ್ಟಿಗೆ ಜಾಹೀರಾತು. ಪ್ರತಿಗಳು ಜಗಳವಾಡುವುದಿಲ್ಲ ಎಂಬುದು ನಿಜ, ಮನುಷ್ಯರ ನಡುವಿನ ಭಿನ್ನಾಭಿಪ್ರಾಯ ಇದ್ದಲ್ಲೇ ಇರುತ್ತದೆ.

ಈ ಕಾರಣಕ್ಕೇ ಕೂಡಿಸುವ ಕೋಡ್ ಎಲ್ಲರ ಕಣ್ಣೆದುರು ಇರಬೇಕು. ಇದು ಬರೀ ತತ್ವದ ಮಾತಾಗಿ ಉಳಿದಿಲ್ಲ, ಈ ಕ್ಷೇತ್ರದ ಇತಿಹಾಸವೇ ಹಾಗಿದೆ. ಹಲವರು ಒಂದೇ ಬರಹವನ್ನು ಒಟ್ಟಿಗೆ ತಿದ್ದುವ ಮೊದಲ ತಲೆಮಾರಿನ ವಿಧಾನ ಎಲ್ಲಿಸ್ ಮತ್ತು ಗಿಬ್ಸ್ ಅವರ 1989ರ ಕೆಲಸದಿಂದ ಶುರುವಾದದ್ದು. ಗೂಗಲ್ ಡಾಕ್ಸ್ ನಿಂತಿರುವುದು ಅದೇ ಪರಂಪರೆಯ ಮೇಲೆ. ಆ ಪರಂಪರೆಯ ವಿಧಾನಗಳು ಒಂದಾದ ಮೇಲೊಂದು, ಸರಿ ಎಂಬ ಸಾಧನೆಯ ಸಮೇತ ಪ್ರಕಟವಾದವು. 2003ರಲ್ಲಿ ಫ್ರೆಂಚ್ ಸಂಶೋಧಕರು ಪ್ರಮೇಯ ಪರೀಕ್ಷಿಸುವ ತಂತ್ರಾಂಶಕ್ಕೆ ಅವನ್ನು ಒಡ್ಡಿದಾಗ, ಸರಿಯೆಂದು ಒಪ್ಪಿಕೊಂಡಿದ್ದ ಹಲವು ವಿಧಾನಗಳಲ್ಲಿ ಪ್ರತಿಗಳು ಬೇರೆಯಾಗಿಯೇ ಉಳಿಯುವ ಉದಾಹರಣೆಗಳು ಸಿಕ್ಕವು. ಕಾಗದದ ಮೇಲಿನ ಸಾಧನೆಯಲ್ಲಿ ಪರಿಣತರೇ ಎಡವಿದ್ದರು. ವಿಧಾನಗಳು ಪ್ರಕಟವಾಗಿದ್ದರಿಂದ ತಪ್ಪು ಸಿಕ್ಕಿತು ಎಂಬುದನ್ನು ಇಲ್ಲಿ ಗಮನಿಸಬೇಕು. 2017ರಲ್ಲಿ ಕೇಂಬ್ರಿಜ್‌ನ ತಂಡವೊಂದು ಕೆಲವು ಸಿಆರ್‌ಡಿಟಿಗಳನ್ನು ಇಸಬೆಲ್ ಎಂಬ ಸಾಧನದಲ್ಲಿ ಯಂತ್ರವೇ ಪರಿಶೀಲಿಸುವಂತೆ ಸಾಧಿಸಿ ಆ ಸಾಧನೆಯನ್ನೂ ಬಿಡುಗಡೆ ಮಾಡಿತು.

ಆ ತಂಡದಲ್ಲಿದ್ದ ಮಾರ್ಟಿನ್ ಕ್ಲೆಪ್‌ಮನ್ ಎರಡು ವರ್ಷದ ಬಳಿಕ ಸಹೋದ್ಯೋಗಿಗಳೊಡನೆ ಇನ್ನೊಂದು ವಿಚಾರ ತೋರಿಸಿದರು. ಲೋಗೂಟ್ ಮುಂತಾದ ಕೆಲವು ವಿಧಾನಗಳಲ್ಲಿ ಇಬ್ಬರು ಒಂದೇ ಜಾಗದಲ್ಲಿ ಒಂದೊಂದು ಪದ ಬರೆದರೆ, ಕೂಡಿದ ಮೇಲೆ ಅಕ್ಷರಗಳು ಇಸ್ಪೀಟೆಲೆಯಂತೆ ಒಂದರೊಳಗೊಂದು ಕಲಸಿಹೋಗುವ ಸಾಧ್ಯತೆಯಿತ್ತು. ಎಲ್ಲ ಪ್ರತಿಗಳೂ ಒಂದೇ ಕಲಸುಮೇಲೋಗರವನ್ನು ತೋರಿಸುತ್ತಿದ್ದವು, ಹಾಗಾಗಿ ಗಣಿತದ ದೃಷ್ಟಿಯಿಂದ ದೋಷವೇ ಇರಲಿಲ್ಲ. ದೋಷವಿದೆ ಎಂದು ಹೇಳಲು ಓದುವವರು ಬೇಕಾಯಿತು.

ಮುಚ್ಚಿದ ಕೋಡಿನ ಇನ್ನೊಂದು ಅಪಾಯ ಇತ್ತೀಚಿನದು. ಮೊಬೈಲ್ ಆ್ಯಪ್‌ಗಳಲ್ಲಿ ಬಹಳ ಬಳಕೆಯಲ್ಲಿದ್ದ ರೆಲ್ಮ್ ಎಂಬ ಡೇಟಾಬೇಸನ್ನು 2019ರಲ್ಲಿ ಮಾಂಗೊಡಿಬಿ ಕಂಪನಿ ಕೊಂಡಿತು. ಫೋನಿನಲ್ಲಿರುವ ಭಾಗದ ಕೋಡ್ ತೆರೆದಿತ್ತು. ಫೋನು ಫೋನುಗಳ ನಡುವೆ ಡೇಟಾ ಕೂಡಿಸುವ ಸೇವೆ ಕಂಪನಿಯ ಸರ್ವರಿನಲ್ಲಿತ್ತು. 2024ರ ಸೆಪ್ಟೆಂಬರಿನಲ್ಲಿ ಕಂಪನಿ ಆ ಸೇವೆಯನ್ನು ಒಂದು ವರ್ಷದಲ್ಲಿ ನಿಲ್ಲಿಸುವುದಾಗಿ ಹೇಳಿತು. ನಿಲ್ಲಿಸುವುದು ಕಂಪನಿಯ ಹಕ್ಕು, ಮುನ್ಸೂಚನೆಯನ್ನೂ ಕೊಟ್ಟಿತ್ತು. ಆದರೆ ಅದನ್ನು ನೆಚ್ಚಿ ಆ್ಯಪ್ ಕಟ್ಟಿದ್ದವರ ಕೈಯಲ್ಲಿ ಉಳಿದದ್ದು ಅರ್ಧ ಕೋಡ್. ಗಾಡಿ ಇವರದು, ಗಾಲಿ ಅವರದು.

ಇದರ ಪಕ್ಕದಲ್ಲಿ ರಿಯಾಕ್ ಕಥೆಯನ್ನಿಟ್ಟು ನೋಡಬೇಕು. 2014ರಲ್ಲಿ ಬಂದ ರಿಯಾಕ್ 2.0 ಸಿಆರ್‌ಡಿಟಿಗಳನ್ನು ಉತ್ಪನ್ನದೊಳಗೆ ತಂದ ಮೊದಲಿಗ ಡೇಟಾಬೇಸುಗಳಲ್ಲಿ ಒಂದು. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ ತನ್ನ ಸ್ಪೈನ್ ವ್ಯವಸ್ಥೆಗೆ ರಿಯಾಕನ್ನೇ ಬಳಸಿತ್ತು. ಅದನ್ನು ಮಾಡಿದ ಬಾಶೊ ಕಂಪನಿ 2017ರಲ್ಲಿ ಮುಳುಗಿತು. ರಿಯಾಕ್‌ನ ಬಹುಪಾಲು ಕೋಡ್ ಮೊದಲೇ ತೆರೆದಿತ್ತು; ಬಾಶೊ ಬಳಿಯಿದ್ದ ಉಳಿದದ್ದನ್ನು ಬೆಟ್365 ಎಂಬ ಬ್ರಿಟಿಷ್ ಕಂಪನಿ ಕೊಂಡು ಅದನ್ನೂ ತೆರೆದಿಟ್ಟಿತು. ಬಳಸುತ್ತಿದ್ದವರಲ್ಲೇ ಕೆಲವರು ಸೇರಿ ನಿರ್ವಹಣೆ ಮುಂದುವರಿಸಿದರು. ಜೂಜಿನ ಕಂಪನಿಯೊಂದು ಈ ಕಥೆಯ ಉಪಕಾರಿ ಎಂಬುದು ವಿಚಿತ್ರ, ಇರಲಿ. ಕಂಪನಿ ಹೋಯಿತು, ಕೂಡಿಸುವ ವಿದ್ಯೆ ಉಳಿಯಿತು.

ಇದಕ್ಕೊಂದು ಆಕ್ಷೇಪವಿದೆ, ಅದು ಹುರುಳಿಲ್ಲದ್ದೇನೂ ಅಲ್ಲ. ಎಲ್ಲರೂ ಇಂಟರ್ನೆಟ್ಟಿನಲ್ಲಿರುವಾಗ, ನಡುವೆ ಒಂದು ಸರ್ವರ್ ಇರುವಾಗ, ಇಷ್ಟೆಲ್ಲ ಯಾಕೆ? ಫಿಗ್ಮಾ ಎಂಬ ವಿನ್ಯಾಸದ ತಂತ್ರಾಂಶ ಸಿಆರ್‌ಡಿಟಿಯಿಂದ ಕೆಲವು ಉಪಾಯಗಳನ್ನಷ್ಟೇ ಎರವಲು ಪಡೆದು, ಕೊನೆಯ ತೀರ್ಮಾನವನ್ನು ಸರ್ವರಿಗೇ ಬಿಟ್ಟಿತು. ಹಾಗೆ ಮಾಡಿದ್ದನ್ನು 2019ರಲ್ಲಿ ವಿವರವಾಗಿ ಬರೆದೂ ತಿಳಿಸಿತು. ಸಂಬಳ ಕೊಡುವ ಕಚೇರಿಯೊಳಗೆ ಅದು ಸಾಕು. ಮನೆಯ ಲೆಕ್ಕ, ಸಂಘದ ದಾಖಲೆ, ಅಜ್ಜಿ ಹೇಳಿದ ಹಾಡುಗಳ ಸಂಗ್ರಹ, ಜಿಲ್ಲೆಯ ಪದಕೋಶ, ಇವು ಯಾವುದೇ ಕಂಪನಿಯ ಆಯುಸ್ಸಿಗಿಂತ ಹೆಚ್ಚು ಬಾಳಬೇಕಾದವು. ಅದೇ 2019ರಲ್ಲಿ ಇಂಕ್ ಅಂಡ್ ಸ್ವಿಚ್ ಸಂಶೋಧನಾ ಗುಂಪು ಮತ್ತು ಕ್ಲೆಪ್‌ಮನ್ ಸೇರಿ ಬರೆದ 'ಲೋಕಲ್-ಫಸ್ಟ್' ಪ್ರಬಂಧದ ವಾದವೂ ಇಷ್ಟೇ: ಮೂಲ ಪ್ರತಿ ಬಳಸುವವರ ಯಂತ್ರದಲ್ಲಿರಲಿ, ಸರ್ವರ್ ಸಹಾಯಕ ಮಾತ್ರವಾಗಿರಲಿ.

ಸಿಆರ್‌ಡಿಟಿಗಳು ನಿಧಾನ, ಜಾಗ ತಿನ್ನುತ್ತವೆ ಎಂಬ ಹಳೆಯ ದೂರು ಒಂದು ಕಾಲಕ್ಕೆ ನಿಜವಾಗಿತ್ತು. ಅಳಿಸಿದ ಅಕ್ಷರವನ್ನೂ ಗುರುತಿಗಾಗಿ ಇಟ್ಟುಕೊಂಡಿರಬೇಕು, ಒಂದೊಂದು ಅಕ್ಷರಕ್ಕೂ ಒಂದು ವಿಶಿಷ್ಟ ಸಂಖ್ಯೆ ಬೇಕು. ಆ ದೂರು ಕರಗಿದ ರೀತಿ ಸ್ವಾರಸ್ಯಕರ. ಕ್ಲೆಪ್‌ಮನ್ ತಮ್ಮದೊಂದು ಪ್ರಬಂಧ ಬರೆಯುವಾಗ ಒತ್ತಿದ ಕೀಲಿಗಳನ್ನೆಲ್ಲ, ಸುಮಾರು 2.6 ಲಕ್ಷ ತಿದ್ದುಪಡಿಗಳನ್ನು, ದಾಖಲಿಸಿ ಎಲ್ಲರಿಗೂ ತೆರೆದಿಟ್ಟರು. ಯಾರು ಹೊಸ ಲೈಬ್ರರಿ ಬರೆದರೂ ಅದೇ ದಾಖಲೆಯ ಮೇಲೆ ಓಡಿಸಿ ವೇಗ ಅಳೆಯುವುದು ರೂಢಿಯಾಯಿತು. ಗೂಗಲ್ ವೇವ್‌ನಲ್ಲಿ ಕೆಲಸ ಮಾಡಿದ್ದ, ಹಳೆಯ ವಿಧಾನದ ಪರವಾಗಿದ್ದ ಜೋಸೆಫ್ ಜೆಂಟಲ್ 2020ರಲ್ಲಿ ಸಿಆರ್‌ಡಿಟಿಯೇ ಮುಂದಿನ ದಾರಿ ಎಂದು ಬಹಿರಂಗವಾಗಿ ಪಕ್ಷ ಬದಲಿಸಿದರು. ಮರುವರ್ಷ ಅವರು ಅಳೆದಾಗ ಆಗಿನ ಆಟೋಮರ್ಜ್ ಆ ದಾಖಲೆಗೆ ಐದು ನಿಮಿಷದ ಹತ್ತಿರ ತೆಗೆದುಕೊಂಡಿತು, ಅವರದೇ ಹೊಸ ಪ್ರಯೋಗ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವನ್ನೂ ತೆಗೆದುಕೊಳ್ಳಲಿಲ್ಲ. ಆಟೋಮರ್ಜ್ ತಂಡ ಮುನಿಸಿಕೊಳ್ಳಲಿಲ್ಲ. ಒಳಭಾಗವನ್ನು ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದು 2023ರ ಆರಂಭದಲ್ಲಿ 2.0 ಆವೃತ್ತಿ ಹೊರತಂದಿತು. ಪರೀಕ್ಷೆಯ ಪ್ರಶ್ನೆಪತ್ರಿಕೆ ಎಲ್ಲರಿಗೂ ಸಿಕ್ಕಿದ್ದರಿಂದ ಎಲ್ಲರ ಉತ್ತರವೂ ಸುಧಾರಿಸಿತು.

ಆ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷಿನಲ್ಲಿ. ಅಲ್ಲಿ ಒಂದು ಕೀಲಿ ಎಂದರೆ ಒಂದು ಅಕ್ಷರ, ಒಂದು ಅಕ್ಷರ ಎಂದರೆ ಒಂದು ಸಂಕೇತ. ಕನ್ನಡದಲ್ಲಿ ಹಾಗಿಲ್ಲ. 'ಡು' ಕಣ್ಣಿಗೆ ಒಂದು ಅಕ್ಷರ. ಯೂನಿಕೋಡಿಗೆ 'ಡ' ಒಂದು, ಕೊಂಬು ಇನ್ನೊಂದು. 'ಕ್ಷ' ಎಂದರೆ ಮೂರು ಸಂಕೇತ. ಸಿಆರ್‌ಡಿಟಿ ಲೈಬ್ರರಿಗಳು ಸಾಮಾನ್ಯವಾಗಿ ಕೂಡಿಸುವುದು ಈ ಸಂಕೇತಗಳನ್ನು. ಕಾಗುಣಿತ ಅವಕ್ಕೆ ಗೊತ್ತಿಲ್ಲ.

ಸಂಘದ ನಾಟಕದ ಹಸ್ತಪ್ರತಿಯನ್ನು ಇಬ್ಬರು ತಿದ್ದುತ್ತಿದ್ದಾರೆ, ಒಬ್ಬರು ಪುಣೆಯಲ್ಲಿ, ಒಬ್ಬರು ಹೈದರಾಬಾದಿನಲ್ಲಿ, ಇಬ್ಬರೂ ಆಫ್‌ಲೈನ್. ಸಾಲಿನಲ್ಲಿ 'ಹಾಡು' ಎಂದಿದೆ. ಮಾತಾಡುವ ಪಾತ್ರ ಮರ್ಯಾದೆ ಕೊಡಬೇಕೆಂದು ಪುಣೆಯವರು 'ಹಾಡಿ' ಮಾಡಿದರು. ಗೆಳತಿಗೆ ಹೇಳುವ ಮಾತೆಂದು ಹೈದರಾಬಾದಿನವರು 'ಹಾಡೇ' ಮಾಡಿದರು. ಲೈಬ್ರರಿಯ ದೃಷ್ಟಿಯಲ್ಲಿ ಇಬ್ಬರೂ ಕೊಂಬನ್ನು ಅಳಿಸಿ, ಅದೇ ಜಾಗದಲ್ಲಿ ಒಬ್ಬರು ಗುಡಿಸು, ಇನ್ನೊಬ್ಬರು ಏತ್ವ ಸೇರಿಸಿದ್ದಾರೆ. ಕೂಡಿಸಿದಾಗ 'ಡ'ಕಾರದ ತಲೆಗೆ ಎರಡೂ ಬಂದು ಕೂರುತ್ತವೆ. ಸ್ವರ ಎರಡು, ವ್ಯಂಜನ ಒಂದು. ಎರಡನೆಯದು ಕೆಲವು ಕಡೆ ಚುಕ್ಕಿಗಳ ವೃತ್ತಕ್ಕೆ ಜೋತುಬಿದ್ದು ಕಾಣಿಸಬಹುದು. ಇಂಗ್ಲಿಷಿನಲ್ಲೂ ಇಂಥ ಡಿಕ್ಕಿಯಿಂದ ತಪ್ಪು ಪದ ಹುಟ್ಟುತ್ತದೆ, ಆದರೆ ಅದರ ಒಂದೊಂದು ಅಕ್ಷರವೂ ಅಕ್ಷರವಾಗಿಯೇ ಇರುತ್ತದೆ. ಇಲ್ಲಿ ಹುಟ್ಟುವುದು ಬರೆಯಲೂ ಬಾರದ, ಉಚ್ಚರಿಸಲೂ ಬಾರದ ವಸ್ತು. ಇನ್ನೊಂದು ಬಗೆಯೂ ಉಂಟು: ಒಬ್ಬರು 'ಡು' ಅಕ್ಷರವನ್ನೇ ಅಳಿಸುತ್ತಾರೆ, ಅದೇ ಹೊತ್ತಿಗೆ ಇನ್ನೊಬ್ಬರು ಅದರ ಕೊಂಬಿಗೆ ದೀರ್ಘ ಕೊಡುತ್ತಾರೆ. ಕೂಡಿಸಿದ ಮೇಲೆ ವ್ಯಂಜನ ಹೋಗಿರುತ್ತದೆ, ಹೊಸ ಕೊಂಬು ಅನಾಥವಾಗಿ ಹಿಂದಿನ 'ಹಾ'ಕಾರಕ್ಕೆ ಅಂಟಿಕೊಂಡಿರುತ್ತದೆ.

ಹೆಸರಿನಿಂದ ಹುಡುಕುವ ಪಟ್ಟಿಗಳಲ್ಲಿ ತೊಂದರೆ ಇನ್ನೂ ಸೂಕ್ಷ್ಮ. 'ಕೊಪ್ಪ'ದ ಒತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ದೀರ್ಘದ ಕೊಂಬು ಎಂಬ ಎರಡು ಸಂಕೇತವಾಗಿಯೂ ಇಡಬಹುದು. ಎರಡೂ ಒಂದೇ ಎನ್ನುತ್ತದೆ ಯೂನಿಕೋಡ್. ಹೋಲಿಸುವ ಮುನ್ನ ಎರಡನ್ನೂ ಒಂದು ರೂಪಕ್ಕೆ ತರದಿದ್ದರೆ, ಎರಡು ಕಡೆಯಿಂದ ಬಂದ 'ಕೊಪ್ಪ' ಪಟ್ಟಿಯಲ್ಲಿ ಎರಡು ಊರಾಗಿ ಕೂರುತ್ತದೆ. ನೋಡಿದವರಿಗೆ ವ್ಯತ್ಯಾಸ ಕಾಣುವುದೇ ಇಲ್ಲ.

ಒಟ್ಟಿಗೆ ಕೂತು, ಪರಸ್ಪರರ ಕರ್ಸರ್ ನೋಡುತ್ತ ತಿದ್ದುವವರಿಗೆ ಇವು ಅಪರೂಪ. ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ ಎಂದು ಹೇಳಿಕೊಳ್ಳುವ ತಂತ್ರಾಂಶದಲ್ಲಿ ಅಪರೂಪ ಎಂಬುದು ಸಮಾಧಾನವಾಗದು. ಇದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ವೈಜೆಎಸ್ ಎಂಬ ಲೈಬ್ರರಿಯ ಕೋಡ್ ತೆರೆದು ನೋಡಿದರೆ, ಎಮೋಜಿಯಂಥ ಎರಡು ಭಾಗದ ಸಂಕೇತ ನಡುವೆ ತುಂಡಾದರೆ ಏನು ಮಾಡಬೇಕೆಂಬ ಎಚ್ಚರ ಅಲ್ಲಿ ಟಿಪ್ಪಣಿಯ ಸಮೇತ ಇದೆ. ಎಮೋಜಿಯನ್ನು ಎಲ್ಲರೂ ಬಳಸುತ್ತಾರೆ, ಒಡೆದರೆ ಯಾರಾದರೂ ದೂರುತ್ತಾರೆ. ಕೊಂಬು ಅನಾಥವಾದರೆ ದೂರಬೇಕಾದವರು ಕನ್ನಡ, ತೆಲುಗು, ತಮಿಳು, ಮರಾಠಿ ಬರೆಯುವವರೇ. ಅವರಲ್ಲಿ ಬಹಳ ಮಂದಿ ಇದನ್ನು ಫಾಂಟಿನ ತೊಂದರೆ ಎಂದುಕೊಂಡು ಅಳಿಸಿ ಮತ್ತೆ ಬರೆದು ಸುಮ್ಮನಾಗುತ್ತಾರೆ.

ತಿದ್ದುವ ಬಗೆ ಯಾವುದಿರಬೇಕು ಎಂಬುದೂ ಸುಲಭದ ಪ್ರಶ್ನೆಯಲ್ಲ. ಇಡೀ ಅಕ್ಷರವನ್ನೇ ಒಂದು ಘಟಕ ಮಾಡಿದರೆ ಕಾಗುಣಿತ ಉಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ 'ಹಾಡಿಡೇ' ಎಂದಾಗುತ್ತದೆ, ತಪ್ಪು ಪದವಾದರೂ ಓದಬಹುದು, ಎಲ್ಲಿ ಡಿಕ್ಕಿಯಾಯಿತೆಂದು ಕಣ್ಣಿಗೆ ಬೀಳುತ್ತದೆ. ಆದರೆ ಒತ್ತಕ್ಷರ ಬರೆಯುವಾಗ ಪ್ರತಿ ಕೀಲಿಗೂ ಹಳೆಯ ಘಟಕ ಅಳಿದು ಹೊಸದು ಹುಟ್ಟಬೇಕು, ದಾಖಲೆ ಊದಿಕೊಳ್ಳುತ್ತದೆ. ಲೈಬ್ರರಿಯನ್ನು ಮುಟ್ಟದೆ, ಬರಹ ತೋರಿಸುವ ಸಂಪಾದಕವೇ ಅನಾಥ ಕೊಂಬನ್ನು ಗುರುತಿಸಿ ಎತ್ತಿ ತೋರಿಸುವುದು ಇನ್ನೊಂದು ದಾರಿ. ಎರಡನೆಯದೇ ಈಗಿನ ಮಟ್ಟಿಗೆ ವಿವೇಕದ್ದು. ಯಂತ್ರ ತಾನೇ ಒಂದನ್ನು ಆರಿಸಿ ಇನ್ನೊಂದನ್ನು ನುಂಗಿಬಿಟ್ಟರೆ ಅಮೆಜಾನಿನ ಬುಟ್ಟಿಯ ಕಥೆಯೇ ಆದೀತು. ಆದರೆ ಇದನ್ನು ತೀರ್ಮಾನಿಸಬೇಕಾದವರು ಕೇಂಬ್ರಿಜ್ ಅಥವಾ ಬರ್ಲಿನ್‌ನಲ್ಲಿ ಕೂತವರಲ್ಲ. ಅವರಿಗೆ ಒತ್ತಕ್ಷರದ ಕಷ್ಟ ಹೇಳಿಕೊಡುವವರು ಬೇಕು.

ಅವರ ಸಂಖ್ಯೆಯೂ ದೊಡ್ಡದಲ್ಲ. ಜುಪಿಟರ್‌ಲ್ಯಾಬ್‌ನಂಥ ಜನಪ್ರಿಯ ಸಾಧನದಲ್ಲಿ ಹಲವರು ಒಟ್ಟಿಗೆ ಕೆಲಸ ಮಾಡಲು ಬಳಸುವ ವೈಜೆಎಸ್ ಮುಖ್ಯವಾಗಿ ಕೆವಿನ್ ಯಾನ್ಸ್ ಎಂಬ ಒಬ್ಬರ ದುಡಿಮೆ. ಜರ್ಮನಿಯ ಆಖೆನ್‌ನಲ್ಲಿ ಓದುವಾಗ ಶುರುಮಾಡಿದ್ದು. ಇಂಥ ಯೋಜನೆಗಳಿಗೆ ಹಣದ ನೆರವು ಭಾರತದಿಂದಲೂ ಹೋಗಬಹುದು ಎಂಬುದಕ್ಕೆ ದಾರಿ ತೆರೆದಿದೆ: ಬೆಂಗಳೂರಿನ ಝೆರೋಧಾ 2024ರಲ್ಲಿ ಜಗತ್ತಿನ ಯಾವುದೇ ಓಪನ್ ಸೋರ್ಸ್ ಯೋಜನೆಗೆ ನೆರವಾಗಲು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗಿನ ನಿಧಿ ಪ್ರಕಟಿಸಿತು. ಹಣಕ್ಕಿಂತ ಕೊರತೆಯಿರುವುದು ಭಾಷೆ ಬಲ್ಲ ಕೈಗಳದು. ಪುಣೆ, ಹೈದರಾಬಾದ್, ಚೆನ್ನೈಗಳ ಕಂಪನಿಗಳಲ್ಲಿ ಕೂತು ಇವೇ ಲೈಬ್ರರಿಗಳ ಮೇಲೆ ಉತ್ಪನ್ನ ಕಟ್ಟುವ ಕನ್ನಡಿಗ ಎಂಜಿನಿಯರುಗಳಿಗೆ ಎರಡೂ ವಿದ್ಯೆ ಗೊತ್ತು, ಕೋಡೂ ಕಾಗುಣಿತವೂ. ಕೆಲಸ ಅವರಿಂದ ಆಗಬೇಕು.

ಎಲ್ಲಕ್ಕಿಂತ ಮೊದಲು ಆಗಬಹುದಾದದ್ದು ಚಿಕ್ಕದು. ಒಬ್ಬ ಲೇಖಕರು ಒಂದು ಕನ್ನಡ ಲೇಖನವನ್ನು ಶುರುವಿನಿಂದ ಕೊನೆಯವರೆಗೆ, ಅಳಿಸಿದ್ದು ತಿದ್ದಿದ್ದು ಎಲ್ಲ ಸೇರಿ, ಕೀಲಿ ದಾಖಲಿಸುವ ಸಂಪಾದಕದಲ್ಲಿ ಬರೆದು ಆ ದಾಖಲೆಯನ್ನು ಮುಕ್ತ ಪರವಾನಗಿಯಲ್ಲಿ ಬಿಡುವುದು. ಜೊತೆಗೆ, ಮೇಲೆ ಹೇಳಿದಂಥ ಡಿಕ್ಕಿಗಳಿಗೆ ಇಪ್ಪತ್ತು ಮೂವತ್ತು ಪುಟ್ಟ ಪರೀಕ್ಷೆಗಳು: ಈ ಪದ, ಈ ಎರಡು ತಿದ್ದುಪಡಿ, ಕೂಡಿಸಿದ ಮೇಲೆ ಅನಾಥ ಚಿಹ್ನೆ ಇದೆಯೇ ಇಲ್ಲವೇ. ವೈಜೆಎಸ್, ಆಟೋಮರ್ಜ್ ಎರಡರ ಕೋಡೂ ಎಂಐಟಿ ಪರವಾನಗಿಯಲ್ಲಿದೆ, ಯಾರು ಬೇಕಾದರೂ ಇಳಿಸಿಕೊಂಡು ಇವನ್ನು ಓಡಿಸಬಹುದು. ಒಂದು ಪ್ರಬಂಧದ ಕೀಲಿದಾಖಲೆ ಕೆಲವು ಎಂಬಿಗಿಂತ ದೊಡ್ಡದಾಗುವುದಿಲ್ಲ. ಪರೀಕ್ಷೆಗಳನ್ನು ಬರೆಯಲು ಒಂದು ವಾರಾಂತ್ಯ ಸಾಕು. 'ಹಾಡು' ಪದದಿಂದಲೇ ಶುರುಮಾಡಬಹುದು.